32 ಅಡಿಬರಹಗಳ ನಡುವೆ ಕನ್ನಡವೆಲ್ಲಿ?

ಅಮೆರಿಕದ ನೆಟ್‌ಫ್ಲಿಕ್ಸ್ ಸಂಸ್ಥೆ ತನ್ನ ಕಟ್ಟಕಡೆಯ ಡಿ.ವಿ.ಡಿ.ಯನ್ನು ಅಂಚೆಗೆ ಹಾಕಿದ್ದು 2023ರ ಸೆಪ್ಟೆಂಬರ್ 29ರಂದು. ಅದಕ್ಕೂ ಏಳು ವರ್ಷ ಮೊದಲೇ, 2016ರ ಜುಲೈಯಲ್ಲಿ, ಜಪಾನಿನ ಫುನಾಯ್ ಕಂಪನಿ ವಿ.ಸಿ.ಆರ್. ತಯಾರಿಕೆಯನ್ನು ನಿಲ್ಲಿಸಿತ್ತು. ನಮ್ಮ ದೇಶದಲ್ಲಿ 28 ರೂಪಾಯಿಗೆ ವಿ.ಸಿ.ಡಿ., 34 ರೂಪಾಯಿಗೆ ಡಿ.ವಿ.ಡಿ. ಮಾರಿ ಮಾರುಕಟ್ಟೆಯನ್ನೇ ಅಲುಗಾಡಿಸಿದ್ದ ಮೋಸರ್ ಬೇರ್ ಕಂಪನಿ 2018ರಲ್ಲಿ ಸಮಾಪನೆಯ ಹಾದಿ ಹಿಡಿಯಿತು. ಸಿನಿಮಾವನ್ನು ಕೈಯಲ್ಲಿ ಹಿಡಿದು ಮನೆಗೆ ತರುವ ಕಾಲವೊಂದು ಹೀಗೆ ಸದ್ದಿಲ್ಲದೆ ಮುಗಿಯುತ್ತ ಬಂದಿದೆ.

ಶಿರಸಿ–ಯಲ್ಲಾಪುರ ಸೀಮೆಯ ಅಡಿಕೆ ತೋಟಗಳ ನಡುವಿನ ಉಮ್ಮಚಗಿಯಂಥ ಊರಿಗೆ ಇದರಿಂದ ಆಗಬೇಕಾದದ್ದೇನು ಎಂದು ಯಾರಾದರೂ ಕೇಳಬಹುದು. ಆ ಊರಿನವನಾದ ನನ್ನ ಉತ್ತರ ಇಷ್ಟೆ: ಆ ಕಾಲದಲ್ಲಿ ಆಗಬಹುದಾಗಿದ್ದ ಒಂದು ಕೆಲಸ ಆಗಲೇ ಇಲ್ಲ; ಅದು ಈಗಲಾದರೂ ಆಗಬೇಕು. ಡಿ.ವಿ.ಡಿ.ಯ ತಾಂತ್ರಿಕ ನಿಯಮದ ಪ್ರಕಾರ ಒಂದು ಡಿಸ್ಕಿನಲ್ಲಿ ಎಂಟು ಧ್ವನಿಪಥಗಳಿಗೂ 32 ಸಬ್‌ಟೈಟಲ್‌ಗಳಿಗೂ, ಅಂದರೆ ತೆರೆಯ ಕೆಳಗೆ ಮೂಡುವ ಅಡಿಬರಹಗಳಿಗೂ, ಜಾಗವಿದೆ. ಈ ಅಡಿಬರಹಗಳು ಚಿತ್ರರೂಪದಲ್ಲಿ ದಾಖಲಾಗುತ್ತವೆಯಾದ್ದರಿಂದ ಲಿಪಿ ಯಾವುದಾದರೂ ಅಡ್ಡಿಯಿಲ್ಲ. ನಮ್ಮ ಒತ್ತಕ್ಷರಗಳು ಕೂಡ ಯಂತ್ರಕ್ಕೆ ತೊಡಕಾಗುವುದಿಲ್ಲ. ಆದರೂ ಎರಡು ದಶಕಗಳಲ್ಲಿ ನನ್ನ ಕೈಗೆ ಬಂದ ಯುರೋಪಿನ ಚಿತ್ರಗಳ ಒಂದು ಡಿಸ್ಕಿನಲ್ಲೂ ಕನ್ನಡದ ಒಂದು ಸಾಲು ಇರಲಿಲ್ಲ. 32 ಕುರ್ಚಿಗಳಿದ್ದ ಪಂಕ್ತಿಯಲ್ಲಿ ನಮಗೆ ಒಂದೂ ಸಿಗಲಿಲ್ಲ ಎನ್ನುವುದಕ್ಕಿಂತ, ನಾವು ಒಂದನ್ನೂ ಕೇಳಲಿಲ್ಲ ಎನ್ನುವುದು ಹೆಚ್ಚು ಸರಿ.

ಹಿಂದಿನದನ್ನು ಸ್ವಲ್ಪ ನೆನೆಯೋಣ. 1982ರ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ದೇಶಕ್ಕೆ ಬಣ್ಣದ ಟಿ.ವಿ. ಬಂತು, ಅದರ ಬೆನ್ನಿಗೇ ವಿ.ಸಿ.ಆರ್. ಮನೆಮನೆಗೆ ಇಳಿಯಿತು. ನಮ್ಮ ಕಡೆಯ ಹಳ್ಳಿಗಳಲ್ಲಿ ಅದನ್ನು ಕೊಂಡವರು ಕಡಿಮೆ, ಬಾಡಿಗೆಗೆ ತಂದವರು ಹೆಚ್ಚು. ಹಬ್ಬಕ್ಕೋ ಮದುವೆಯ ಮರುದಿನಕ್ಕೋ ಪೇಟೆಯಿಂದ ಟಿ.ವಿ. ಮತ್ತು ವಿ.ಸಿ.ಆರ್. ಎರಡನ್ನೂ ತಂದು, ಅಂಗಳದಲ್ಲಿ ಕಂಬಳಿ ಹಾಸಿ, ಬೆಳಗಾಗುವವರೆಗೆ ಮೂರು ನಾಲ್ಕು ಚಿತ್ರಗಳನ್ನು ನೋಡುವುದು ರೂಢಿ. ಮಳೆಗಾಲದಲ್ಲಿ ಕ್ಯಾಸೆಟ್ಟಿನ ಟೇಪಿಗೆ ಬಿಳಿಯ ಬೂಷ್ಟು ಹಿಡಿಯುತ್ತಿತ್ತು. ಹಿಡಿದ ಬೂಷ್ಟು ಯಂತ್ರದ ಹೆಡ್ಡಿಗೆ ಅಂಟಿ ಚಿತ್ರವೆಲ್ಲ ಮಸುಕಾಗುತ್ತಿತ್ತು. 90ರ ದಶಕದ ಕೊನೆಗೆ ಬಂದ ವಿ.ಸಿ.ಡಿ. ಈ ಕಾಟದಿಂದ ಬಿಡುಗಡೆ ಕೊಟ್ಟಿತು. ಹೊಸ ಶತಮಾನದ ಮೊದಲ ದಶಕದಲ್ಲಿ ಡಿ.ವಿ.ಡಿ. ಅಗ್ಗವಾಯಿತು. ಆ ದಶಕದ ಕೊನೆಯ ವರ್ಷಗಳಲ್ಲಿ ಪಲಡೋರ್, ಎನ್‌ಡಿಟಿವಿ ಲೂಮಿಯೇರ್ ಮೊದಲಾದ ಸಂಸ್ಥೆಗಳು ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಭಾರತದಲ್ಲೇ ಅಧಿಕೃತವಾಗಿ ಬಿಡುಗಡೆ ಮಾಡತೊಡಗಿದವು. ಬೆಂಗಳೂರಿನಲ್ಲಿ 1971ರಿಂದ ಇದ್ದ ಸುಚಿತ್ರಾ ಫಿಲ್ಮ್ ಸೊಸೈಟಿಯ ಸದಸ್ಯರಿಗೆ ಮಾತ್ರ ದಕ್ಕುತ್ತಿದ್ದಂಥ ಚಿತ್ರಗಳು ಅಂಗಡಿಯ ಕಪಾಟಿಗೆ ಬಂದವು. ಬೆಂಗಳೂರಿಗೆ ಕೆಲಸಕ್ಕೆ ಹೋದ ನಮ್ಮಂಥವರ ಚೀಲದಲ್ಲಿ ಅವು ಊರಿಗೂ ಬಂದವು.

ಆ ಚೀಲದಲ್ಲಿ ನನ್ನ ಮಟ್ಟಿಗೆ ಹೆಚ್ಚು ಇದ್ದದ್ದು ಯುರೋಪಿನ ಮನೋವೈಜ್ಞಾನಿಕ ಥ್ರಿಲ್ಲರ್‌ಗಳು. ಈ ಹೆಸರು ಕೇಳಿದರೆ ಕೆಲವರಿಗೆ ರಕ್ತ, ಚೂರಿ, ಕಿರುಚಾಟ ನೆನಪಾಗುತ್ತದೆ. ಆದರೆ ಈ ಬಗೆಯ ಒಳ್ಳೆಯ ಚಿತ್ರಗಳ ಜೀವ ಅಲ್ಲಿಲ್ಲ. ಕೊಲೆ ಮಾಡಿದವರು ಯಾರು ಎಂಬ ಕುತೂಹಲ ಪತ್ತೇದಾರಿ ಕತೆಯದು. ಮಾಡಿದವನ ಮನಸ್ಸಿನೊಳಗೆ ಏನಿತ್ತು, ನೋಡುತ್ತ ಕುಳಿತ ನಮ್ಮ ಮನಸ್ಸಿನೊಳಗೆ ಈಗ ಏನಾಗುತ್ತಿದೆ ಎಂಬ ಪ್ರಶ್ನೆ ಮನೋವೈಜ್ಞಾನಿಕ ಥ್ರಿಲ್ಲರಿನದು. ಡಚ್ ನಿರ್ದೇಶಕ ಜಾರ್ಜ್ ಸ್ಲೌಝರ್ 1988ರಲ್ಲಿ ಮಾಡಿದ ‘ಸ್ಪೋರ್ಲೋಸ್’ ಚಿತ್ರದಲ್ಲಿ ಪೆಟ್ರೋಲ್ ಬಂಕಿನ ಬಳಿ ತಂಪು ಪಾನೀಯ ತರಲು ಹೋದ ಯುವತಿ ಮಾಯವಾಗುತ್ತಾಳೆ. ಅಪಹರಿಸಿದವನು ಯಾರೆಂಬುದನ್ನು ನಿರ್ದೇಶಕ ನಮ್ಮಿಂದ ಹೆಚ್ಚು ಹೊತ್ತು ಮುಚ್ಚಿಡುವುದೇ ಇಲ್ಲ: ಆತ ಹೆಂಡತಿ ಮಕ್ಕಳೊಂದಿಗೆ ನೆಮ್ಮದಿಯಾಗಿರುವ ರಸಾಯನಶಾಸ್ತ್ರದ ಮೇಷ್ಟ್ರು. ಗೊತ್ತಾದ ಮೇಲೆಯೇ ನಿಜವಾದ ಭಯ ಶುರುವಾಗುತ್ತದೆ.

ಇಂಥ ಚಿತ್ರಗಳಿಗೆ ಹೋಮ್ ವಿಡಿಯೊ ಮಾಡಿದ ಉಪಕಾರ ದೊಡ್ಡದು. ಮೈಕೆಲ್ ಪೊವೆಲ್ 1960ರಲ್ಲಿ ‘ಪೀಪಿಂಗ್ ಟಾಮ್’ ತೆಗೆದಾಗ ಬ್ರಿಟನ್ನಿನ ವಿಮರ್ಶಕರು ಅದನ್ನು ಹೊಲಸೆಂದು ತೆಗಳಿದರು. ಚಿತ್ರ ಬೇಗನೆ ಚಿತ್ರಮಂದಿರಗಳಿಂದ ಮರೆಯಾಯಿತು. ಅಷ್ಟು ದೊಡ್ಡ ನಿರ್ದೇಶಕನ ವೃತ್ತಿಜೀವನವೇ ಕುಸಿಯಿತು. 70ರ ದಶಕದ ಕೊನೆಯಲ್ಲಿ ಮಾರ್ಟಿನ್ ಸ್ಕಾರ್ಸೆಸಿಯಂಥವರು ಬೆನ್ನಿಗೆ ನಿಂತದ್ದರಿಂದ ಅದು ಮತ್ತೆ ತೆರೆಗೆ ಬಂತು. ಆಮೇಲೆ ಕ್ಯಾಸೆಟ್, ಡಿಸ್ಕುಗಳ ಮೂಲಕ ಹೊಸ ತಲೆಮಾರಿನ ಮನೆಗಳನ್ನು ಸೇರಿತು. 2024ರಲ್ಲಿ ಅದೇ ಚಿತ್ರ 4ಕೆ ಗುಣಮಟ್ಟದಲ್ಲಿ ಮರುಸಂಸ್ಕರಣಗೊಂಡು ಡಿಸ್ಕಿನಲ್ಲಿ ಮರುಪ್ರಕಟವಾಗಿದೆ. ಫ್ರಿಟ್ಸ್ ಲಾಂಗ್ 1931ರಲ್ಲಿ ಬರ್ಲಿನ್ನಿನಲ್ಲಿ ತೆಗೆದ ‘ಎಂ’ ಚಿತ್ರದ ಕತ್ತರಿಸಿದ ಪ್ರತಿಗಳು, ಲಾಂಗ್ ಇಟ್ಟಿದ್ದ ಮೌನಗಳ ಮೇಲೆ ಬೇರೆ ಶಬ್ದ ತುಂಬಿದ ಪ್ರತಿಗಳು ದಶಕಗಳ ಕಾಲ ಚಲಾವಣೆಯಲ್ಲಿದ್ದವು. ಮೂಲಕ್ಕೆ ಹತ್ತಿರವಾದ ‘ಎಂ’ ಸಾಮಾನ್ಯ ಪ್ರೇಕ್ಷಕನಿಗೆ ದೊರೆತದ್ದು ಮುಖ್ಯವಾಗಿ ಡಿಸ್ಕುಗಳಿಂದಲೇ.

1984ರಲ್ಲಿ ಅಮೆರಿಕದಲ್ಲಿ ಆರಂಭವಾದ ಕ್ರೈಟೀರಿಯನ್ ಕಲೆಕ್ಷನ್ ಈ ಕೆಲಸವನ್ನು ಗ್ರಂಥ ಸಂಪಾದನೆಯ ಶಿಸ್ತಿನಿಂದ ಮಾಡಿತು. ಮೊದಲು ಲೇಸರ್‌ಡಿಸ್ಕ್, 1998ರಿಂದ ಡಿ.ವಿ.ಡಿ., 2008ರಿಂದ ಬ್ಲೂ-ರೇ. ಚಿತ್ರದ ಜೊತೆಗೆ ಇನ್ನೊಂದು ಧ್ವನಿಪಥದಲ್ಲಿ ವಿದ್ವಾಂಸರೊಬ್ಬರು ದೃಶ್ಯ ದೃಶ್ಯಕ್ಕೂ ವಿವರಣೆ ಕೊಡುವ ಕ್ರಮವನ್ನು ಆರಂಭಿಸಿದ್ದೂ ಅವರೇ. ಮೂಲ, ಟೀಕೆ, ತಾತ್ಪರ್ಯ ಎಂಬ ಈ ಅನುಕ್ರಮ ಸಂಸ್ಕೃತ ಪಾಠಶಾಲೆಯಿರುವ ನಮ್ಮ ಊರಿಗೆ ಹೊಸದೇನಲ್ಲ. ಬೇರೆ ಭಾಷೆಯ ಕೃತಿಯನ್ನು ನಮ್ಮ ಭಾಷೆಯ ವಿವರಣೆಯೊಂದಿಗೆ ಓದುವುದು ನಮ್ಮ ಹಿರಿಯರ ನಿತ್ಯದ ಅಭ್ಯಾಸವಾಗಿತ್ತು.

ಈ ಸೀಮೆಗೆ ಇಂಥ ಸಿನಿಮಾದೊಂದಿಗೆ ಇನ್ನೂ ಹತ್ತಿರದ ನಂಟೊಂದಿದೆ. ಅದು ತಾಳಮದ್ದಲೆ. ವೇಷವಿಲ್ಲ, ಕುಣಿತವಿಲ್ಲ; ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಕುಳಿತಲ್ಲೇ ಮಾತಿನಿಂದ ಪಾತ್ರವನ್ನು ಕಟ್ಟುತ್ತಾರೆ. ವಾಲಿ ಸಾಯುತ್ತಾನೆಂಬುದು ಎಲ್ಲರಿಗೂ ಗೊತ್ತು. ಬಾಣ ಎಲ್ಲಿಂದ ಬಂತೆಂಬುದೂ ಗೊತ್ತು. ಆದರೂ ಜನ ನಿದ್ದೆಗೆಟ್ಟು ಕೂರುವುದು ಬಾಣ ತಗುಲಿ ಬಿದ್ದ ಮೇಲೆ ವಾಲಿ ಏನು ಕೇಳುತ್ತಾನೆ, ರಾಮ ಏನು ಹೇಳುತ್ತಾನೆ ಎಂಬುದಕ್ಕಾಗಿ. ಮುಂದೇನಾಗುತ್ತದೆ ಎಂಬ ಕುತೂಹಲವಲ್ಲ ಅದು. ಮನಸ್ಸು ಹೇಗೆ ಕೆಲಸ ಮಾಡುತ್ತದೆ, ಧರ್ಮ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎಂಬ ಕುತೂಹಲ.

‘ಎಂ’ ಚಿತ್ರವನ್ನು ಒಮ್ಮೆ ಊರಿನ ಮನೆಯಲ್ಲಿ ಹಾಕಿದ್ದೆ. ಜರ್ಮನ್ ಮಾತು, ಇಂಗ್ಲಿಷ್ ಅಡಿಬರಹ. ನೋಡುತ್ತಿದ್ದವರಲ್ಲಿ ಇಂಗ್ಲಿಷನ್ನು ಅಷ್ಟು ವೇಗವಾಗಿ ಓದಬಲ್ಲವರು ಇಬ್ಬರೋ ಮೂವರೋ. ‘ಅಂವ ಎಂತ ಹೇಳ್ದ?’ ಎಂಬ ಪ್ರಶ್ನೆ ನಿಮಿಷಕ್ಕೊಮ್ಮೆ ಬರುತ್ತಿತ್ತು. ಪ್ರತಿ ಸಲವೂ ರಿಮೋಟಿನಿಂದ ಚಿತ್ರ ನಿಲ್ಲಿಸಿ ಕನ್ನಡದಲ್ಲಿ ಹೇಳುತ್ತ ಹೋದೆ. ಮಕ್ಕಳನ್ನು ಕೊಂದವನನ್ನು ಬರ್ಲಿನ್ನಿನ ಕಳ್ಳಕಾಕರೇ ಹಿಡಿದು, ಪಾಳುಬಿದ್ದ ಕಾರ್ಖಾನೆಯ ನೆಲಮಾಳಿಗೆಯಲ್ಲಿ ತಾವೇ ನ್ಯಾಯಾಲಯ ಕಟ್ಟಿ ವಿಚಾರಣೆ ನಡೆಸುತ್ತಾರೆ. ಆಗ ಪೀಟರ್ ಲೋರೆ ನಟಿಸಿದ ಆ ಕೊಲೆಗಡುಕ ಮಂಡಿಯೂರಿ ಕೇಳುವುದರ ಸಾರ ಇಷ್ಟು: ನೀವೆಲ್ಲ ಬೇಕೆಂದು ಅಪರಾಧ ಮಾಡುವವರು, ಬೇಡವೆಂದರೆ ಬಿಡಬಲ್ಲವರು; ನನ್ನೊಳಗಿನದನ್ನು ನಾನು ತಡೆಯಲಾರೆ, ನನ್ನನ್ನು ತೂಗುವ ಅಧಿಕಾರ ನಿಮಗೆಲ್ಲಿಂದ ಬಂತು? ಇಷ್ಟನ್ನು ಕನ್ನಡದಲ್ಲಿ ಹೇಳಿ ಮುಗಿಸಿದಾಗ, ಹತ್ತಾರು ವರ್ಷ ತಾಳಮದ್ದಲೆ ಕೇಳಿದ ನೆರೆಮನೆಯ ಹಿರಿಯರು ಅಂದದ್ದು: ‘ತಮಾ, ಇದು ವಾಲಿವಧೆಯೇ ಆತಲಾ!’

ಪಾಪಿಗೂ ಮಾತಿನ ಸರದಿ ಕೊಡಬೇಕು, ಕೊಟ್ಟ ಮೇಲೂ ಅವನು ಮಾಡಿದ್ದು ಪಾಪವೇ ಎಂಬ ಎರಡು ತುದಿಗಳನ್ನು ಒಟ್ಟಿಗೆ ಹಿಡಿಯುವ ಅಭ್ಯಾಸ ಆ ಹಿರಿಯರಿಗೆ ಇತ್ತು. ಅವರಿಗೂ ಲಾಂಗ್‌ಗೂ ನಡುವೆ ಇದ್ದ ಅಡ್ಡಗೋಡೆ ಸಂಸ್ಕೃತಿಯದಲ್ಲ, ಅಭಿರುಚಿಯದಲ್ಲ. ಒಂದೂವರೆ ಗಂಟೆಯ ಮಾತಿಗೆ ಬೇಕಾದ ಸಾವಿರ ಚಿಲ್ಲರೆ ಕನ್ನಡ ವಾಕ್ಯಗಳದು ಮಾತ್ರ.

‘ಹಳ್ಳಿಯವರಿಗೆ ಇವೆಲ್ಲ ಯಾಕೆ?’ ಎಂಬ ಪ್ರಶ್ನೆಯನ್ನು ನಗರದ ಗೆಳೆಯರಿಂದ ಅನೇಕ ಸಲ ಕೇಳಿದ್ದೇನೆ. ಕನ್ನಡದ ಓದುಗರಿಗೆ ಮನಸ್ಸಿನ ಕತ್ತಲೆಯ ಪರಿಚಯವಾಗಿ ಬಹಳ ಕಾಲವಾಯಿತು ಎಂಬುದನ್ನು ಅವರು ಮರೆಯುತ್ತಾರೆ. 1963ರಲ್ಲಿ ತೀರಿಕೊಂಡ ತ್ರಿವೇಣಿಯವರ ಕಾದಂಬರಿಗಳನ್ನು ಊರೂರಿನ ಹೆಣ್ಣುಮಕ್ಕಳು ಕೈಯಿಂದ ಕೈಗೆ ದಾಟಿಸಿ ಓದಿದ್ದಾರೆ. ಅವರ ‘ಶರಪಂಜರ’ವನ್ನು ಪುಟ್ಟಣ್ಣ ಕಣಗಾಲ್ 1971ರಲ್ಲಿ ತೆರೆಗೆ ತಂದಾಗ ಕಲ್ಪನಾ ಅಭಿನಯಿಸಿದ ಕಾವೇರಿಯ ಪಾಡಿಗೆ ನಾಡೇ ಕಣ್ಣೀರಿಟ್ಟಿತು. ಅದಕ್ಕಿಂತ ಆರು ವರ್ಷ ಮೊದಲು, 1965ರಲ್ಲಿ, ರೋಮನ್ ಪೊಲಾನ್‌ಸ್ಕಿಯ ‘ರಿಪಲ್ಶನ್’ ಬಂದಿತ್ತು. ಅದರಲ್ಲಿ ಕ್ಯಾಥರೀನ್ ಡೆನೂವ್ ಲಂಡನ್ನಿನ ಸೌಂದರ್ಯ ಮಳಿಗೆಯೊಂದರಲ್ಲಿ ಉಗುರು ತಿದ್ದುವ ಕೆಲಸದ ಹುಡುಗಿ. ಅಕ್ಕ ಪ್ರವಾಸಕ್ಕೆ ಹೋದ ಮೇಲೆ ಮನೆಯಲ್ಲಿ ಒಬ್ಬಳೇ ಉಳಿಯುತ್ತಾಳೆ. ಗೋಡೆಗಳು ಬಿರುಕು ಬಿಡುತ್ತವೆ, ಗೋಡೆಯೊಳಗಿನಿಂದ ಕೈಗಳು ಚಾಚುತ್ತವೆ.

ಈ ಎರಡು ಚಿತ್ರಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದಾಗ ನನಗೆ ಹೊಳೆದದ್ದು ಇದು. ಪೊಲಾನ್‌ಸ್ಕಿಯ ನಾಯಕಿ ಕೆಡುವುದು ಅವಳನ್ನು ಯಾರೂ ನೋಡದೆ ಇರುವುದರಿಂದ. ಕಾವೇರಿ ಕೆಡುವುದು ಎಲ್ಲರೂ ಅವಳನ್ನೇ ನೋಡುತ್ತಿರುವುದರಿಂದ. ಆಸ್ಪತ್ರೆಯಿಂದ ಗುಣವಾಗಿ ಬಂದವಳನ್ನು ನೆರೆಹೊರೆಯ ಕಣ್ಣುಗಳೂ ಮನೆಯವರ ಅನುಮಾನವೂ ಮತ್ತೆ ಆ ಪಂಜರದೊಳಕ್ಕೇ ತಳ್ಳುತ್ತವೆ. ಯುರೋಪಿನ ಭಯ ಒಂಟಿತನದ್ದು, ನಮ್ಮ ಭಯ ಗುಂಪಿನದ್ದು. ಕೂಡು ಕುಟುಂಬಗಳು ಕರಗಿ, ಮಕ್ಕಳು ಬೆಂಗಳೂರು, ಪುಣೆ, ಅಮೆರಿಕ ಸೇರಿ, ದೊಡ್ಡ ದೊಡ್ಡ ಮನೆಗಳಲ್ಲಿ ಇಬ್ಬರೇ ವೃದ್ಧರು ಉಳಿದಿರುವ ಇಂದಿನ ನಮ್ಮ ಹಳ್ಳಿಗಳಿಗೆ ‘ರಿಪಲ್ಶನ್’ನ ಆ ಖಾಲಿ ಮನೆ ಇನ್ನು ಪರದೇಶದ ಕತೆಯಲ್ಲ. ಆ ಚಿತ್ರ ನಮ್ಮವರಿಗೆ ಹೇಳುವುದಕ್ಕೆ ಏನೋ ಇದೆ, ಹೇಳಲು ನಾಲಿಗೆಯಿಲ್ಲ.

ಇಂಗ್ಲಿಷ್ ಅಡಿಬರಹ ಇದೆಯಲ್ಲ, ಸಾಲದೆ ಎಂದರೆ, ಸಾಲದು. ಓದಬಲ್ಲವರಿಗೂ ಸಾಲದು. ಫ್ರೆಂಚ್, ಜರ್ಮನ್, ಡಚ್, ಇಟಾಲಿಯನ್ ಭಾಷೆಗಳಲ್ಲಿ ನಮ್ಮ ‘ನೀನು’, ‘ನೀವು’ಗಳಂತೆ ಎರಡು ಬಗೆಯ ಸಂಬೋಧನೆಗಳಿವೆ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ. ಮಿಖಾಯೆಲ್ ಹಾನೆಕೆಯ ‘ಫನ್ನಿ ಗೇಮ್ಸ್’ ಚಿತ್ರವನ್ನೇ (1997) ತೆಗೆದುಕೊಳ್ಳಿ. ಸರೋವರದ ಪಕ್ಕದ ಮನೆಗೆ ಬಿಳಿ ಕೈಗವಸು ತೊಟ್ಟ ಇಬ್ಬರು ತರುಣರು ಬರುತ್ತಾರೆ. ಮೊದಲು ಬಂದವನು ಕೇಳುವುದು ನಾಲ್ಕು ಮೊಟ್ಟೆ. ಅವರ ಮಾತೆಲ್ಲ ಅತಿ ವಿನಯದ್ದು, ಬಹುವಚನದ್ದು. ಆ ವಿನಯವೇ ಹಿಂಸೆಯ ಮೊದಲ ಮೆಟ್ಟಿಲು. ಇಂಗ್ಲಿಷ್ ಅಡಿಬರಹದಲ್ಲಿ ಆ ಗೌರವವಾಚಕ ಕಾಣೆಯಾಗುತ್ತದೆ. ಕನ್ನಡದ ಒಂದು ‘ನೀವು’, ಒಂದು ‘ದಯವಿಟ್ಟು’ ಅದನ್ನು ಇಡಿಯಾಗಿ ಹಿಡಿದುಕೊಡಬಲ್ಲದು. ಸ್ನೇಹ, ಸಲಿಗೆ, ತಿರಸ್ಕಾರ ಇವೆಲ್ಲ ಸಂಬೋಧನೆಯ ಸಣ್ಣ ಪಲ್ಲಟದಲ್ಲೇ ತಿಳಿಯಬೇಕಾದ ಇಂಥ ಚಿತ್ರಗಳಿಗೆ ಇಂಗ್ಲಿಷಿಗಿಂತ ಕನ್ನಡವೇ ಸಮರ್ಥವಾದ ಭಾಷೆ ಎಂದರೆ ಅದು ಅಭಿಮಾನದ ಮಾತಲ್ಲ, ವ್ಯಾಕರಣದ ಮಾತು.

ಹಾಗಿದ್ದೂ ಕನ್ನಡ ಏಕೆ ಬರಲಿಲ್ಲ? ಹಾಲಿವುಡ್ಡಿನ ವಿ.ಸಿ.ಡಿ.ಗಳು ಹಿಂದಿ, ತಮಿಳು, ತೆಲುಗುಗಳಲ್ಲಿ ಡಬ್ ಆಗಿ ಪೇಟೆಗೆ ಬರುತ್ತಿದ್ದ ವರ್ಷಗಳಲ್ಲಿ ಕರ್ನಾಟಕದಲ್ಲಿ ಡಬ್ಬಿಂಗ್‌ಗೆ ಚಿತ್ರೋದ್ಯಮದ ಅಲಿಖಿತ ನಿಷೇಧವಿತ್ತು. ಕನ್ನಡ ಚಿತ್ರಗಳನ್ನೂ ಕಲಾವಿದರನ್ನೂ ಉಳಿಸಲು 60ರ ದಶಕದಲ್ಲಿ ಹುಟ್ಟಿದ ಆ ಕಟ್ಟುಪಾಡಿಗೆ ಅದರದೇ ಕಾರಣಗಳಿದ್ದವು. 2015ರ ಜುಲೈಯಲ್ಲಿ, ಕನ್ನಡ ಗ್ರಾಹಕರ ಕೂಟದ ದೂರಿನ ಮೇಲೆ, ಭಾರತೀಯ ಸ್ಪರ್ಧಾ ಆಯೋಗ ಈ ನಿರ್ಬಂಧವು ಸ್ಪರ್ಧೆಯ ಕಾನೂನಿಗೆ ವಿರುದ್ಧವೆಂದು ತೀರ್ಪಿತ್ತು ದಂಡ ವಿಧಿಸಿತು. ಪರ ವಿರೋಧದ ವಾದಗಳು ಆಗಲೂ ನಡೆದವು, ಆಮೇಲೂ ನಡೆದವು. ಆದರೆ ಇಷ್ಟೆಲ್ಲ ಗದ್ದಲದಲ್ಲಿ ಒಂದು ಸಂಗತಿ ಯಾರ ಗಮನಕ್ಕೂ ಬೀಳಲಿಲ್ಲ. ಕನ್ನಡ ಅಡಿಬರಹವನ್ನು ಯಾರೂ ನಿಷೇಧಿಸಿರಲಿಲ್ಲ. ಅದರಿಂದ ಕನ್ನಡದ ನಟನ ಅನ್ನಕ್ಕೆ ಕುತ್ತಿಲ್ಲ, ಕಂಠದಾನ ಕಲಾವಿದನ ಕೆಲಸಕ್ಕೆ ಕುತ್ತಿಲ್ಲ, ಮೂಲ ಚಿತ್ರದ ಧ್ವನಿಗೂ ಧಕ್ಕೆಯಿಲ್ಲ. ಜಗಳವಿಲ್ಲದ ದಾರಿಯೊಂದು ತೆರೆದೇ ಇತ್ತು. ಅದರಲ್ಲಿ ನಡೆಯುವವರು ಮಾತ್ರ ಇರಲಿಲ್ಲ. ‘ಲೂಸಿಯಾ’ದಂಥ (2013) ನಮ್ಮ ಚಿತ್ರಗಳು ಇಂಗ್ಲಿಷ್ ಅಡಿಬರಹ ತೊಟ್ಟು ಲಂಡನ್ನಿನ ಉತ್ಸವಕ್ಕೆ ಹೋಗಿ ಮೆಚ್ಚುಗೆ ಪಡೆದವು. ನಮ್ಮ ಮಾತನ್ನು ಅವರಿಗೆ ತಿಳಿಸುವ ಶ್ರಮವನ್ನು ನಾವು ಮಾಡಿದೆವು. ಅವರ ಮಾತನ್ನು ನಮ್ಮವರಿಗೆ ತಿಳಿಸುವ ಶ್ರಮವನ್ನು ಯಾರು ಮಾಡಬೇಕಿತ್ತು?

‘ಈಗ ಎಲ್ಲವೂ ಅಂತರ್ಜಾಲದಲ್ಲಿ ಸಿಗುತ್ತದೆ, ಡಿಸ್ಕಿನ ಹಂಗೇಕೆ’ ಎಂಬ ಮಾತೂ ಇದೆ. ಸಿಗುವುದು ನಿಜ, ಉಳಿಯುವುದು ಅನುಮಾನ. ಈ ತಿಂಗಳು ಇದ್ದ ಚಿತ್ರ ಒಪ್ಪಂದ ಮುಗಿದೊಡನೆ ಮುಂದಿನ ತಿಂಗಳು ಮಾಯವಾಗುತ್ತದೆ. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕುಗಳ ಭರವಸೆ ಎಷ್ಟೆಂಬುದನ್ನು ಘಟ್ಟದ ಮೇಲಿನವರಿಗೆ ಹೇಳಬೇಕಾಗಿಲ್ಲ. ಡಿಸ್ಕಾದರೋ ಪುಸ್ತಕದ ಹಾಗೆ: ಕೊಡಬಹುದು, ತರಬಹುದು, ಮಕ್ಕಳಿಗೆ ಬಿಟ್ಟುಹೋಗಬಹುದು. ಆದರೆ ಅದನ್ನು ಈಗ ತರಿಸುವುದು ಸಾಮಾನ್ಯರ ಕೈಗೆ ಎಟುಕುವ ಮಾತಲ್ಲ. ವಿದೇಶದಿಂದ ತರಿಸಿದರೆ ಸಾಗಣೆ, ಸುಂಕ ಸೇರಿ ಒಂದಕ್ಕೇ ಸಾವಿರಾರು ರೂಪಾಯಿ. ತರಿಸಿದ ಮೇಲೂ ಪ್ರದೇಶ ಸಂಕೇತದ ತೊಡಕು: ಡಿ.ವಿ.ಡಿ. ಲೆಕ್ಕದಲ್ಲಿ ಭಾರತ ಐದನೆಯ ಪ್ರದೇಶ, ಪಶ್ಚಿಮ ಯುರೋಪು ಎರಡನೆಯದು, ಅಮೆರಿಕ ಒಂದನೆಯದು. ಒಂದರ ಡಿಸ್ಕು ಇನ್ನೊಂದರ ಯಂತ್ರದಲ್ಲಿ ಓಡದಂತೆ ಕಂಪನಿಗಳು ಬೇಲಿ ಹಾಕಿವೆ.

ಮನೆಯಲ್ಲಿ ಚಿತ್ರ ನೋಡುವುದೆಂದರೆ ಬರಿಯ ಅನುಕೂಲವಲ್ಲ, ಅದೊಂದು ಬೇರೆಯೇ ಬಗೆಯ ನೋಟ ಎಂಬುದನ್ನು ಯುರೋಪಿನ ನಿರ್ದೇಶಕರೇ ಗುರುತಿಸಿದ್ದರು. ಹಾನೆಕೆಗೆ 2005ರ ಕಾನ್ ಉತ್ಸವದಲ್ಲಿ ಶ್ರೇಷ್ಠ ನಿರ್ದೇಶಕ ಪ್ರಶಸ್ತಿ ತಂದುಕೊಟ್ಟ ‘ಕಾಶೆ’ ಒಂದು ಮನೆಯ ಮುಂಭಾಗದ ನಿಶ್ಚಲ ದೃಶ್ಯದಿಂದ ಆರಂಭವಾಗುತ್ತದೆ. ಸ್ವಲ್ಪ ಹೊತ್ತಿಗೆ ಆ ದೃಶ್ಯ ವೇಗವಾಗಿ ಸರಿಯತೊಡಗುತ್ತದೆ. ನಾವು ನೋಡುತ್ತಿದ್ದದ್ದು ಯಾರೋ ಆ ಮನೆಯ ಬಾಗಿಲಿಗೆ ಇಟ್ಟುಹೋದ ವಿಡಿಯೊ ಕ್ಯಾಸೆಟ್ ಎಂದು ಆಗ ತಿಳಿಯುತ್ತದೆ. ತಮ್ಮ ಮನೆಯಲ್ಲಿ ಕುಳಿತು ಅವರು ನೋಡುತ್ತಿರುವುದನ್ನೇ ನಾವು ನಮ್ಮ ಮನೆಯಲ್ಲಿ ಕುಳಿತು ನೋಡುತ್ತಿದ್ದೇವೆ. ಆ ಕ್ಯಾಸೆಟ್ಟಿನ ಹಿಂದೆ, ಪ್ಯಾರಿಸ್ಸಿನಲ್ಲಿ 1961ರ ಅಕ್ಟೋಬರ್ 17ರಂದು ಅಲ್ಜೀರಿಯನ್ ಪ್ರತಿಭಟನಕಾರರ ಮೇಲೆ ಪೊಲೀಸರು ನಡೆಸಿದ ಹತ್ಯಾಕಾಂಡದ ನೆರಳಿದೆ. ಒಂದು ದೇಶ ಮರೆಯಲು ಬಯಸಿದ್ದನ್ನು ಒಂದು ಕುಟುಂಬದ ಪಾಪಪ್ರಜ್ಞೆಯಾಗಿ ಹಾನೆಕೆ ತೋರಿಸುತ್ತಾನೆ. ಚಿತ್ರದ ಕೊನೆಯ ದೃಶ್ಯ ಶಾಲೆಯೊಂದರ ಮೆಟ್ಟಿಲುಗಳದು. ಆ ಜನಸಂದಣಿಯ ಒಂದು ಮೂಲೆಯಲ್ಲಿ ನಡೆಯುವ ಸಣ್ಣದೊಂದು ಸಂಗತಿ ಚಿತ್ರಮಂದಿರದಲ್ಲಿ ಅನೇಕರ ಕಣ್ಣಿಗೆ ಬೀಳಲೇ ಇಲ್ಲ. ಮನೆಯಲ್ಲಿ ಹಿಂದಕ್ಕೆ ಸರಿಸಿ, ನಿಲ್ಲಿಸಿ, ಮತ್ತೆ ನೋಡಿದವರಿಗೆ ಕಂಡಿತು. ಏನು ಕಂಡಿತೆಂದು ಇಲ್ಲಿ ಹೇಳುವುದಿಲ್ಲ. ಆನ್ರಿ-ಜಾರ್ಜ್ ಕ್ಲೂಜೊ 1955ರ ‘ಲೆ ದಿಯಾಬೊಲೀಕ್’ ಚಿತ್ರದ ಕೊನೆಯಲ್ಲಿ, ಅಂತ್ಯವನ್ನು ಸ್ನೇಹಿತರಿಗೆ ಹೇಳಿಬಿಡಬೇಡಿ ಎಂದು ತೆರೆಯ ಮೇಲೆಯೇ ಪ್ರೇಕ್ಷಕರನ್ನು ಬೇಡಿಕೊಂಡಿದ್ದ. ಆ ಮಾತನ್ನು ನಡೆಸಿಕೊಡುವುದು ಎಲ್ಲ ಪ್ರೇಕ್ಷಕರ ಧರ್ಮ.

ಹಳ್ಳಿಗೂ ವಿಶ್ವ ಸಿನಿಮಾಕ್ಕೂ ನಂಟು ಬೆಸೆಯುವುದು ಕನಸಿನ ಮಾತೆನ್ನುವವರು ಪಕ್ಕದ ಹೆಗ್ಗೋಡಿನ ಕ���ೆ ನೆನೆಯಬೇಕು. ಸಿದ್ದಾಪುರದ ಗಡಿಯಾಚೆ, ಸಾಗರ ತಾಲ್ಲೂಕಿನ ಆ ಪುಟ್ಟ ಊರಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ 70ರ ದಶಕದಲ್ಲಿ ಚಿತ್ರಸಮಾಜವನ್ನು ಕಟ್ಟಿತು. ಕೆ.ವಿ. ಸುಬ್ಬಣ್ಣನವರು ‘ಪಥೇರ್ ಪಾಂಚಾಲಿ’, ‘ರಾಶೊಮನ್’, ‘ಬೈಸಿಕಲ್ ಥೀವ್ಸ್’ಗಳಂಥ ಚಿತ್ರಗಳನ್ನು ಅಡಿಕೆ ಬೆಳೆಗಾರರ, ಕೂಲಿಕಾರರ, ಶಾಲಾ ಮಕ್ಕಳ ಎದುರು ತಂದಿಟ್ಟರು. ಪುಣೆಯ ಚಲನಚಿತ್ರ ಸಂಸ್ಥೆಯ ಸತೀಶ್ ಬಹಾದೂರ್ ಅವರು ಬಂದು ರಸಗ್ರಹಣ ಶಿಬಿರಗಳಲ್ಲಿ ಪಾಠ ಮಾಡಿದರು. 80ರ ದಶಕದ ಮೊದಲರ್ಧದಲ್ಲಿ ‘ಜನಸ್ಪಂದನ’ ಯೋಜನೆ ಇದನ್ನು ಇನ್ನಷ್ಟು ಹಳ್ಳಿಗಳಿಗೆ ಹಬ್ಬಿಸಿತು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು ಹಳ್ಳಿಯವರಿಗೆ ಶ್ರೇಷ್ಠವಾದುದನ್ನೇ ಕೊಡಬೇಕೆಂಬ ಅವರ ಛಲಕ್ಕೆ ಸಂದ ಮನ್ನಣೆ. ಆಗ ಇದ್ದದ್ದು ರೀಲಿನ ಡಬ್ಬಿ, ಪ್ರೊಜೆಕ್ಟರು, ಬಿಳಿಯ ಪರದೆ. ಈಗ ಬೇಕಾದದ್ದು ಅದರ ಹತ್ತನೆಯ ಒಂದು ಪಾಲು ಶ್ರಮವೂ ಅಲ್ಲ.

ಮೊದಲಿಗೆ ಕಾನೂನಿನ ಮಾತು. ಭಾರತದ ಹಕ್ಕುಸ್ವಾಮ್ಯ ಕಾಯ್ದೆಯಂತೆ ಸಿನಿಮಾದ ಹಕ್ಕಿನ ಅವಧಿ, ಅದು ಪ್ರಕಟವಾದ ಮರುವರ್ಷದ ಆರಂಭದಿಂದ 60 ವರ್ಷ. ‘ಎಂ’, ‘ಲೆ ದಿಯಾಬೊಲೀಕ್’, ‘ಪೀಪಿಂಗ್ ಟಾಮ್’ ಈ ಮೂರೂ ಆ ಗೆರೆಯನ್ನು ದಾಟಿವೆ. ಕನ್ನಡ ಅಡಿಬರಹ ರಚಿಸುವ ಕೆಲಸವನ್ನು ಇವುಗಳಿಂದ ಆರಂಭಿಸಬಹುದು. ಡಿಸ್ಕಿನ ಜೊತೆಗೆ ಬರುವ ಹೊಸ ಟಿಪ್ಪಣಿ, ವಿವರಣೆಗಳ ಹಕ್ಕು ಬೇರೆ; ಸಾರ್ವಜನಿಕ ಪ್ರದರ್ಶನಕ್ಕೆ ಸೆನ್ಸಾರ್ ಪ್ರಮಾಣಪತ್ರದ ನಿಯಮವೂ ಬೇರೆ. ಅವುಗಳನ್ನು ಬಲ್ಲವರನ್ನು ಕೇಳಿಯೇ ಮುಂದುವರಿಯಬೇಕು. ಆದರೆ ಬರೆಯುವ ಕೆಲಸಕ್ಕೆ ಇವು ಯಾವುವೂ ಅಡ್ಡಿಯಲ್ಲ.

ಎರಡನೆಯದು ಹೊಣೆಯ ಮಾತು. ಜಗತ್ತಿನ ಪುಸ್ತಕಗಳನ್ನು ಕನ್ನಡಕ್ಕೆ ತರಲು ನಮ್ಮಲ್ಲಿ ಸರ್ಕಾರಿ ಪ್ರಾಧಿಕಾರಗಳೂ ಅಕಾಡೆಮಿಗಳೂ ಇವೆ. ಕರ್ನಾಟಕ ಚಲನಚಿತ್ರ ಅಕಾಡೆಮಿ ಇದೆ. 2006ರಿಂದ ನಡೆದುಬಂದ ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವ ಇದೆ. ಆ ಉತ್ಸವಕ್ಕೆ ಬರುವ ಚಿತ್ರಗಳ ಪೈಕಿ ವರ್ಷಕ್ಕೆ ಹತ್ತಕ್ಕಾದರೂ ಕನ್ನಡ ಅಡಿಬರಹ ಬರೆಯಿಸಿದರೆ ಹತ್ತು ವರ್ಷಕ್ಕೆ ನೂರು ಚಿತ್ರಗಳ ಭಂಡಾರವಾಗುತ್ತದೆ. ಚಿತ್ರವೊಂದರ ಅಡಿಬರಹವೆಂದರೆ ಸಣ್ಣ ನಾಟಕವೊಂದರ ಅನುವಾದದಷ್ಟು ಕೆಲಸ. ಒಂದೊಂದು ಮಾತೂ ಎರಡು ಸಾಲಿನೊಳಗೆ, ಕೆಲವೇ ಕ್ಷಣಗಳೊಳಗೆ ಓದಿ ಮುಗಿಯಬೇಕೆಂಬ ಕಟ್ಟುಪಾಡು ಮಾತ್ರ ಹೆಚ್ಚಿನದು. ಷೇಕ್ಸ್‌ಪಿಯರನನ್ನೂ ಬ್ರೆಕ್ಟನನ್ನೂ ಕನ್ನಡದಲ್ಲಿ ಆಡಿಸಿದ ನಾಡಿಗೆ ಇದು ಭಾರವಾಗಬಾರದು. ಹೀಗೆ ಸಿದ್ಧವಾದುದನ್ನು ಗ್ರಾಮ ಪಂಚಾಯತಿಗಳ ಗ್ರಂಥಾಲಯಗಳಲ್ಲಿ, ಪುಸ್ತಕದ ಪಕ್ಕದಲ್ಲೇ, ಇಡಬಹುದು. ವಯಸ್ಕರಿಗೆ ಮಾತ್ರ ತಕ್ಕವು ಯಾವುವೆಂಬುದನ್ನು ಸ್ಪಷ್ಟವಾಗಿ ನಮೂದಿಸಬೇಕು. ‘ಫನ್ನಿ ಗೇಮ್ಸ್’ ಮಕ್ಕಳ ಎದುರು ಹಾಕುವ ಚಿತ್ರವಲ್ಲ.

ಮೂರನೆಯದು, ಬರೆಯುವವರ ಮಾತು. ಇದಕ್ಕೆ ಕನ್ನಡದ ಗತ್ತು ಬಲ್ಲ, ಎದುರಾಳಿಯ ಮಾತಿಗೆ ಅಳೆದು ಉತ್ತರ ಕೊಡಬಲ್ಲ ಜನ ಬೇಕು. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ತಾಳಮದ್ದಲೆಯ ಕೂಟಗಳಲ್ಲಿ ಅಂಥವರಿಗೆ ಬರವಿಲ್ಲ. ಪರಭಾಷೆ ಬಲ್ಲವರೊಬ್ಬರು, ಅರ್ಥ ಹೇಳಬಲ್ಲವರೊಬ್ಬರು ಜೊತೆಯಾಗಿ ಕುಳಿತರೆ ‘ಎಂ’ ಚಿತ್ರದ ಆ ನೆಲಮಾಳಿಗೆಯ ವಾದವನ್ನು ಜರ್ಮನ್ನಿನಷ್ಟೇ ಕಾವಿನಿಂದ ಕನ್ನಡದಲ್ಲಿ ನಿಲ್ಲಿಸಬಲ್ಲರು.

ಡಿಸ್ಕು ಹೋಗಬಹುದು, ನಾಳೆ ಇನ್ನೊಂದು ಬರಬಹುದು. ಕ್ಯಾಸೆಟ್ಟಿಗೆ ಬೂಷ್ಟು ಹಿಡಿಯಿತು, ವಿ.ಸಿ.ಡಿ. ಗೀರಿಹೋಯಿತು, ಡಿ.ವಿ.ಡಿ. ಯಂತ್ರ ಅಟ್ಟ ಸೇರಿತು. ಒಮ್ಮೆ ಕನ್ನಡದಲ್ಲಿ ಬರೆದಿಟ್ಟ ಅಡಿಬರಹ ಮಾತ್ರ ಯಾವ ಯಂತ್ರ ಬಂದರೂ ಅದರೊಳಗೆ ಕೂರುತ್ತದೆ, ಕೂತು ತಲೆಮಾರುಗಳಿಗೆ ಉಳಿಯುತ್ತದೆ. ಆ ಬರಹವನ್ನು ಹೊರಗಿನ ಕಂಪನಿ ಬಂದು ಬರೆದುಕೊಡುವುದಿಲ್ಲ. ಅದು ನಮ್ಮದೇ ಕೆಲಸ. ಮೂರು ಚಿತ್ರಗಳಿಂದ ಆರಂಭಿಸಿದರೂ ಸಾಕು.